ಕೆಂದನ ಕೊರಳ ಹಗ್ಗ

ಎತ್ತುಗಳ ಮಾತು ಬಲ್ಲವನು ಈ ಸೀಮೆಗೆಲ್ಲ ನಾನೊಬ್ಬನೇ. ಬೇಕಾದರೆ ಎತ್ತುಗಳನ್ನೇ ಕೇಳಿ. ಒಂದು ಮಧ್ಯಾಹ್ನ ಹುಲ್ಲಿನ ಮೆದೆಯ ಮೇಲೆ, ಮೋಡದಲ್ಲಿ ತೇಲುವವನ ಹಾಗೆ ಮಲಗಿದ್ದೆ. ಕೆಳಗೆ ಕಣದಲ್ಲಿ ಎತ್ತುಗಳ ಸಾಲು ಮೇಟಿಕಂಬದ ಸುತ್ತ ರಾಗಿತೆನೆ ತುಳಿಯುತ್ತಿತ್ತು.

"ನಿಲ್ಲಿ! ತೆನೆಯೊಳಗೆ ನನ್ನ ಮರಿ ಸಿಕ್ಕಿಕೊಂಡಿದೆ!" ಎಂದು ಗುಬ್ಬಿ ಕೂಗಿತು.

ಸಾಲಿನ ತುದಿಯ ಎತ್ತು ಕೆಂದ ಹೆಜ್ಜೆ ತಡೆಯಿತು. "ಅಣ್ಣಾ, ಮರಿಯಂತೆ."

ಕಂಬದ ಪಕ್ಕದ ಹಿರಿಯೆತ್ತು ತಿರುಗಿಯೂ ನೋಡದೆ, "ನಡಿಯೋ, ಪಾಪ ಬಂದರೆ ನನಗಿರಲಿ" ಎಂದಿತು.

"ಬಂದ ನೋಡ್ರಪ್ಪ ಪುಣ್ಯವಂತ!" ಎಂದು ನಡುವಿನವು ನಕ್ಕವು.

ಕೆಂದ ಕಣ್ಣು ಮುಚ್ಚಿ ಕಾಲಿಟ್ಟಿತು. ಮರಿಯ ಚಿಲಿಪಿಲಿ ನಿಂತಿತು.

"ಏನು ಮಾಡಲಿ ತಾಯಿ, ಕೊರಳಿಗೆ ಹಗ್ಗವಿತ್ತಲ್ಲ!"

"ಎಲ್ಲಿ, ತೋರಿಸು" ಎಂದಿತು ಗುಬ್ಬಿ.

ಕೆಂದ ಬಗ್ಗಿ ನೋಡಿತು. ಹಗ್ಗ ಯಾವಾಗಲೋ ಬಿಚ್ಚಿಕೊಂಡು ಹುಲ್ಲಲ್ಲಿ ಬಿದ್ದಿತ್ತು. ಕೆಂದ ಮಾತ್ರ ಸಾಲು ಬಿಟ್ಟಿರಲಿಲ್ಲ.