ತಲೆ ಬಗ್ಗಿಸದ ಹೋತ

ಸಂಡೇ ಸ್ಕೂಲಿನ ಮಕ್ಕಳೇ, ಇತ್ತ ಬನ್ನಿ. ಕಳ್ಳಿಗುಡ್ಡದ ಬಯಲಲ್ಲಿ ಸಮುವೇಲಪ್ಪನೆಂಬ ಕುರಿಗಾಹಿಯ ಮಂದೆಯಿತ್ತು. ಅವನು ಸಿಳ್ಳೆ ಹಾಕಿದರೆ ಆಕಾಶದ ಮೋಡವೂ ಗಕ್ಕನೆ ನಿಂತು ಹಿಂತಿರುಗುತ್ತಿತ್ತು. ನಂಬದಿದ್ದರೆ ಬಿಡಿ, ಮೋಡಕ್ಕೇನು ನಷ್ಟ!

ಬಿಸಿಲೇರಿದಾಗ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಲ್ಲುತ್ತವಲ್ಲ, ಈ ಮಂದೆಗೆ ಅದೇ ದೊಡ್ಡ ಭಕ್ತಿ. ತಲೆ ಬಗ್ಗಿಸಿದವನೇ ನಮ್ಮವನು!

ಹೊಸದಾಗಿ ಬಂದಿದ್ದ ಕೆಂಚ ಎಂಬ ಹೋತ ಮಾತ್ರ ತಲೆಯೆತ್ತಿಯೇ ನಿಲ್ಲುತ್ತಿದ್ದ. ಅವನನ್ನು ಕಂಡರೆ ಚುಕ್ಕಿ ಕುರಿಗೆ ಮೈಯೆಲ್ಲ ಉರಿ.

"ಏನೋ ಗಡ್ಡಪ್ಪ, ಕುತ್ತಿಗೆಗೆ ಗೂಟ ಹೊಡೆದಿದ್ದಾರಾ?"

"ನಮ್ಮ ಕಡೆ ಹೀಗೇ ಅಕ್ಕ. ಒಡೆಯನ ಮುಖ ನೋಡುತ್ತಾ ನಿಲ್ಲುತ್ತೇವೆ."

"ಹಾಗಾದರೆ ನೀನು ನಮ್ಮವನಲ್ಲ. ಆಚೆ ನಿಲ್ಲು!"

ಅದೇ ವಾರ ಕಂಬಳಿ ಹೊದ್ದ ನರಿಯೊಂದು ಬಂತು. ಅದು ತಲೆ ಬಗ್ಗಿಸಿದ ಜೋರಿಗೆ ಮೂಗು ನಾಟಿ ನೆಲದಲ್ಲಿ ಬಾವಿಯೇ ಬಿತ್ತು!

"ಆಹಾ, ಎಂಥ ಗುರುಗಳು!" ಎಂದಳು ಚುಕ್ಕಿ.

"ಒಡೆಯನ ಸಿಳ್ಳೆಗೆಲ್ಲ ಓಡಬೇಡಿ ಅಕ್ಕಂದಿರೇ. ಅದರ ಒಳಗುಟ್ಟು ಬಲ್ಲವನು ನಾನೊಬ್ಬನೇ. ಮರಿಗಳನ್ನು ನನ್ನ ಹಿಂದೆ ಕಳಿಸಿ, ಆ ಕೊರಕಲಲ್ಲಿ ಪಾಠ ಹೇಳುತ್ತೇನೆ" ಎಂದಿತು ನರಿ.

ಮಧ್ಯಾಹ್ನ ಎಲ್ಲರ ತಲೆಯೂ ಕೆಳಗೆ. ಚುಕ್ಕಿಯ ಒಂದೇ ಒಂದು ಮರಿ ಕುಣಿಯುತ್ತಾ ನರಿಯ ಹಿಂದೆ ಹೊರಟಿತು. ಕಂಡವನು ಕೆಂಚನೊಬ್ಬನೇ.

"ಚುಕ್ಕಕ್ಕಾ, ಮರಿ ಕೊರಕಲಿಗಿಳಿಯುತ್ತಿದೆ!"

"ಬಾಯ್ಮುಚ್ಚೋ, ಗುರುಗಳು ಕರೆದಿದ್ದಾರೆ."

ಅಷ್ಟರಲ್ಲಿ ಸಮುವೇಲಪ್ಪನ ಸಿಳ್ಳೆ ಕೇಳಿತು. ಮರಿ ಗಿರಕ್ಕನೆ ತಿರುಗಿತು.

"ಒಡೆಯ ಕರೆಯುತ್ತಿದ್ದಾನೆ, ಓಡಿ ಬಾ ಪುಟ್ಟಾ!" ಎಂದು ಕೂಗಿದ ಕೆಂಚ.

"ಹೋಗಬೇಡ! ನನ್ನ ಮಾತೇ ಸಾಕು!" ಎಂದು ನರಿ ಅಡ್ಡ ನಿಂತಿತು.

ಚುಕ್ಕಿ ತಲೆಯೆತ್ತಿದಳು. 'ಒಡೆಯ ಕರೆದರೂ ಬಿಡದವನು ಎಂಥ ಗುರು?'

"ಕೆಂಚಾ, ಹಿಡಿಯೋ ಅವನನ್ನ!" ಎಂದು ತಾನೂ ನುಗ್ಗಿದಳು. ಕೆಂಚ ಕೊಟ್ಟ ಒಂದೇ ಗುದ್ದಿಗೆ ನರಿ ಗುಡ್ಡ ಹಾರಿತು. ಕಂಬಳಿಯೇನೋ ಕೆಳಗೆ ಬಿತ್ತು, ನರಿ ಇನ್ನೂ ಬೀಳಬೇಕಷ್ಟೆ!

ಸಂಜೆ ತೊಟ್ಟಿಯ ಬಳಿ ಕೆಂಚ ದೂರ ನಿಂತಿದ್ದ. ಚುಕ್ಕಿ ಸರಿದು ಜಾಗ ಮಾಡಿದಳು.

"ಬಾರೋ ತಮ್ಮಾ, ಇಲ್ಲೇ ಕುಡಿ."

"ನನ್ನ ಗಡ್ಡ ನೀರಲ್ಲಿ ಮುಳುಗುತ್ತದಲ್ಲಕ್ಕ?"

"ಮುಳುಗಲಿ ಬಿಡೋ. ನೀರು ನನ್ನದಾ? ಒಡೆಯನದು."

ನೀತಿ: ಭಕ್ತಿಯ ರೀತಿ ಬೇರೆಯಾದರೂ ಯೇಸುವಿನ ಕಡೆಗೆ ಕರೆಯುವವನು ಸಹೋದರ, ರೀತಿ ನಮ್ಮದೇ ಆದರೂ ಆತನಿಂದ ಬಿಡಿಸಿ ತನ್ನ ಹಿಂದೆ ಎಳೆಯುವವನು ಸುಳ್ಳು ಬೋಧಕ.