ಮೆಳೆ ಹೊಕ್ಕ ಜಿಂಕೆ

“ಗುರುಗಳೇ, ಊರ ಗುಡಿಯ ಗಂಟೆ ಕಾಣೆಯಾದಾಗ ನನ್ನ ಅಣ್ಣನೇ ಕದ್ದಿದ್ದಾನೆಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟೆ. ಗಂಟೆ ಆಮೇಲೆ ಸಿಕ್ಕಿತು, ಅವನು ಕದ್ದಿರಲಿಲ್ಲ. ಅಂದಿನಿಂದ ದಿನವೂ ಅವನ ಬಾಗಿಲಿಗೆ ಹೋಗಿ ಕ್ಷಮೆ ಕೇಳುತ್ತಿದ್ದೇನೆ. ಅವನು ಮೊದಲು ಮಾತು ಬಿಟ್ಟ, ಆಮೇಲೆ ಬಾಗಿಲು ಹಾಕಿಕೊಂಡ, ಈಗ ಊರನ್ನೇ ಬಿಡುತ್ತೇನೆ ಎನ್ನುತ್ತಿದ್ದಾನೆ. ಹೋಗಿ ಹೋಗಿ ಸೋತೆ. ಇನ್ನು ಹೇಗೆ ಕೇಳಲಿ?” ಎಂದು ಶಿಷ್ಯ ಕೇಳಿದ.

ಗುರುಗಳಿಗೂ ಆ ದಿನ ದಣಿವಾಗಿತ್ತು. ಕಂಬಕ್ಕೆ ಒರಗಿ ಕುಳಿತು ಹೇಳಿದರು.

ಒಬ್ಬ ಬೇಟೆಗಾರನಿದ್ದ. ಕೈ ಬಲು ಚುರುಕು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆ ಅವನನ್ನು ನೋಡಿಯೇ ಹುಟ್ಟಿದ್ದಿರಬೇಕು. ಒಂದು ಬೆಳಿಗ್ಗೆ ಸೋದರಮಾವನ ಜೊತೆ ಕಾಡಿಗೆ ಹೋದ. ಬಿದಿರೂ ಸೀಗೆಯೂ ಹೆಣೆದುಕೊಂಡ ಮೆಳೆಯ ಅಂಚಿನಲ್ಲಿ ಜಿಂಕೆಯೊಂದು ಕಂಡಿತು. ಬಾಣ ಬಿಟ್ಟ. ಅದು ತೊಡೆಯನ್ನು ಸೀಳಿಕೊಂಡು ಹೋಯಿತು. ಜಿಂಕೆ ಒಮ್ಮೆ ಕೂಗಿ ಮೆಳೆ ಹೊಕ್ಕಿತು.

ಆ ಬೇಟೆಗಾರರಲ್ಲಿ ಒಂದು ಕಟ್ಟಳೆ ಇತ್ತು. ಪೆಟ್ಟು ತಿಂದ ಮೃಗ ಕಣ್ಮರೆಯಾದರೆ, ನೆತ್ತರು ಬಿದ್ದ ಕಡೆ ಗುರುತಿಗೆ ಒಂದು ರೆಂಬೆ ಮುರಿದಿಟ್ಟು, ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂರಬೇಕು. ಬಾಯಿಯ ಕೆಂಪು ಆರುವ ತನಕ ಏಳಬಾರದು. ಸಾಯುವುದಾದರೆ ನೆಮ್ಮದಿಯಿಂದ ಸಾಯಲಿ, ಬದುಕುವುದಾದರೆ ಬದುಕಿಕೊಳ್ಳಲಿ ಎಂದು ಹಿರಿಯರು ಮಾಡಿದ್ದು. ಮಾವ ಹಾಗೆಯೇ ಕುಳಿತು ಎಲೆಚೀಲ ಬಿಚ್ಚಿದ. ಅಳಿಯನಿಗೆ ಕೂರಲಾಗಲಿಲ್ಲ. ಆ ಕೂಗು ಅವನ ಕಿವಿಯಿಂದ ಹೋಗಲಿಲ್ಲ. ಅಯ್ಯೋ, ಬೇಗ ಹೋಗಿ ಅದರ ನೋವು ಮುಗಿಸಿಬಿಡಬೇಕು ಎಂದು ಮಚ್ಚು ಹಿಡಿದು ನುಗ್ಗಿದ.

ಸೀಗೆಮುಳ್ಳು ಬಟ್ಟೆ ಹಿಡಿದೆಳೆಯಿತು. ಕಡಿಯುತ್ತಾ ಹೋದ. ಒಂದು ಪೊದೆಯ ಅಡಿಯಲ್ಲಿ ಹುಲ್ಲು ಒತ್ತಿಹೋಗಿತ್ತು, ನೆತ್ತರು ಇನ್ನೂ ಬಿಸಿಯಾಗಿತ್ತು. ಜಿಂಕೆ ಅಲ್ಲಿ ಮಲಗಿದ್ದು, ಮಚ್ಚಿನ ಸಪ್ಪಳಕ್ಕೆ ಎದ್ದು ಹೋಗಿತ್ತು. ಅವನು ಇನ್ನೂ ಬೇಗ ಕಡಿದ. ಮುಂದೆಯೂ ಹಾಗೆಯೇ ಹುಲ್ಲು ಒತ್ತಿಹೋಗಿತ್ತು, ಜಿಂಕೆ ಇರಲಿಲ್ಲ. ಬಿಸಿಲು ಏರಿ ಇಳಿಯಿತು. ತೋಳು ಸೋತಿತು, ನಾಲಗೆ ಒಣಗಿತು. ಆದರೂ ನಿಲ್ಲಲು ಮನಸ್ಸು ಬರಲಿಲ್ಲ. ಇಷ್ಟು ದೂರ ಬಂದು ಬಿಡುವುದೇ ಎನಿಸಿತು. ಕೊನೆಗೆ ಮೆಳೆಯಾಚೆ, ಹಳ್ಳದ ಮರಳಿನಲ್ಲಿ ಜಿಂಕೆ ಸಿಕ್ಕಿತು. ಓಡಿ ಓಡಿ ಮೈಯ ನೆತ್ತರೆಲ್ಲ ಬಸಿದುಹೋಗಿ ಅದು ಸತ್ತಿತ್ತು. ಅದನ್ನು ಹೊರುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲೇ ಕುಸಿದು ಕುಳಿತ.

ಮಾವ ಜಾಡು ಹಿಡಿದು ನಿಧಾನವಾಗಿ ಬಂದ. ಬಗ್ಗಿ ಗಾಯ ನೋಡಿದ.

“ಇದು ಸಾಯುವ ಗಾಯವಲ್ಲವೋ. ಮಲಗಲು ಬಿಟ್ಟಿದ್ದರೆ ನೆತ್ತರು ತಾನೇ ಕಟ್ಟುತ್ತಿತ್ತು.”

“ಅದರ ನೋವು ನನಗೆ ತಾಳಲಾಗಲಿಲ್ಲ, ಮಾವ.”

“ತಾಳಲಾಗದೆ ಹೋದವನು ನೀನು. ಓಡಿದ್ದು ಅದು.”

ಗುರುಗಳು ಇಷ್ಟು ಹೇಳಿ ಕಣ್ಣು ಮುಚ್ಚಿದರು. ಶಿಷ್ಯ, “ಹಾಗಾದರೆ ನಾಳೆ ಅಣ್ಣನ ಮನೆಗೆ ಹೋಗಬೇಡವೇ? ಹೋಗಿ ಕೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ” ಎಂದ.

“ನಿನಗೆ ಅನ್ನ ಇಳಿಯಲೆಂದು ಅವನು ಇನ್ನೆಷ್ಟು ದೂರ ಓಡಬೇಕು?” ಎಂದರು ಗುರುಗಳು.