ಕಲೆ ಬೀಳದ ಯಂತ್ರ

ಮೌನೇಶಾಚಾರರು ಮನೆಯ ಹಿತ್ತಲ ಶೆಡ್ಡಿನಲ್ಲಿ ಮರಗೆಲಸ ಮಾಡುತ್ತಿದ್ದರು. ಅಲ್ಲಿನ ಮೂಲೆಯಲ್ಲಿ ಬಲೆ ಕಟ್ಟಿಕೊಂಡಿದ್ದ ಜೇಡಕ್ಕೆ ಒಂದೇ ಸಂಕಟ. ಅವರು ತೇಗದ ಹಲಗೆ ಉಜ್ಜಿದಾಗಲೆಲ್ಲ ನುಣ್ಣನೆಯ ಧೂಳು ಬಲೆಯ ಮೇಲೆ ಕೂತು ಅಂಟು ಹೋಗುತ್ತಿತ್ತು, ಬಂದ ನೊಣ ಹಾರಿಹೋಗುತ್ತಿತ್ತು. ಆಚಾರರಿಗೂ ಕೆಮ್ಮು ಬಿಟ್ಟಿರಲಿಲ್ಲ.

ಕೊನೆಗೆ ಅವರು ಗಾಳಿ ಸೋಸುವ ಬಿಳಿ ಯಂತ್ರವೊಂದನ್ನು, ಹಿಡಿಸದಿದ್ದರೆ ಹಿಂದಿರುಗಿಸುವ ಮಾತಿನ ಮೇಲೆ, ಅಂಗಡಿಯಿಂದ ತಂದರು. ತಮ್ಮ ಹಳೇ ಫ್ಯಾನಿನ ಬೆನ್ನಿಗೂ ಸೋಸುವ ಅಗ್ಗದ ಹಾಳೆಯೊಂದನ್ನು ಕಟ್ಟಿದರು. ಒಂದು ದಿನ ಯಂತ್ರ ಓಡಿತು, ಮರುದಿನ ಫ್ಯಾನು. ಯಾವುದು ಉಳಿಯುತ್ತದೋ ಎಂದು ಜೇಡ ಎಂಟೂ ಕಣ್ಣು ಬಿಟ್ಟುಕೊಂಡು ಕಾಯಿತು.

ಸಂಜೆ ಯಂತ್ರ ಫ್ಯಾನಿಗೆ ಹೇಳಿತು: "ಅಯ್ಯಾ, ನಿನ್ನ ಬೆನ್ನು ನೋಡಿಕೊಂಡೆಯಾ? ಕೆಸರಲ್ಲಿ ಹೊರಳಿದ ಎಮ್ಮೆಯ ಹಾಗಿದೆ! ನನ್ನ ಹಾಳೆ ನೋಡು, ಅಂಗಡಿಯಿಂದ ಬಂದ ಹಾಗೇ ಇದೆ."

ಫ್ಯಾನಿಗೆ ನಾಚಿಕೆಯಾಯಿತು.

"ನನಗೊಂದು ಕುತೂಹಲ," ಎಂದು ಜೇಡ ಯಂತ್ರವನ್ನು ಕೇಳಿತು. "ನೀವು ಓಡಿದ ದಿನ ಧೂಳೆಲ್ಲ ಎಲ್ಲಿಗೆ ಹೋಯಿತು?"

"ನನ್ನನ್ನು ಮುಟ್ಟುವ ಧೈರ್ಯ ಅದಕ್ಕೆಲ್ಲಿ!"

ಅಷ್ಟರಲ್ಲಿ ಆಚಾರರು ಬಂದು ಎರಡೂ ಹಾಳೆಗಳ ಮೇಲೆ ಬೆರಳಾಡಿಸಿದರು. ಫ್ಯಾನಿನದನ್ನು ಬಾಗಿಲಾಚೆ ಕೊಡವಿ ತಂದು ಮತ್ತೆ ಕಟ್ಟಿದರು. ಯಂತ್ರವನ್ನು ಎತ್ತಿ ಅದು ಬಂದ ಪೆಟ್ಟಿಗೆಯೊಳಗೇ ಇಳಿಸಿದರು.

"ನನ್ನಲ್ಲಿ ಇವರಿಗೆ ಯಾವ ಕೊಳೆ ಕಂಡಿತು?" ಎಂದು ಯಂತ್ರ ಒಳಗಿಂದ ಕೂಗಿತು.

"ಒಂದು ಚೂರೂ ಕಾಣಲಿಲ್ಲ ಸ್ವಾಮಿ, ಅದಕ್ಕೇ ಕಳಿಸುತ್ತಿದ್ದಾರೆ," ಎಂದು ಹೇಳಿ ಜೇಡ, ಬಲೆಗೆ ಅಂಟಿಕೊಂಡ ನೊಣದ ಕಡೆ ಹೊರಟಿತು.